ಯಾವ ಕಲಕಪ್ಪ?

ಗಜೇಂದ್ರಗಡದ ಸಂತೆಯಲ್ಲಿ ನಿಂತು ‘ಕಲಕಪ್ಪಾ’ ಎಂದು ಕೂಗಿದರೆ ನಾಲ್ಕು ಕಡೆಯಿಂದ ಓಗೊಡುತ್ತಾರೆ. ಗುಡ್ಡದ ಕಾಲಕಾಲೇಶ್ವರನ ಹೆಸರು ನಮ್ಮ ಭಾಗದಲ್ಲಿ ಗಂಡುಮಕ್ಕಳಿಗೆ ಕಲಕಪ್ಪ, ಹೆಣ್ಣುಮಕ್ಕಳಿಗೆ ಕಲಕವ್ವ ಆಗಿ ಮನೆಮನೆಗೆ ಇಳಿದಿದೆ. ಅದರ ಮೇಲೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ. ಹೀಗಾಗಿ ನಮ್ಮ ಮನೆತನದಲ್ಲಿ ಒಂದು ತಲೆ ಬಿಟ್ಟು ಒಂದು ತಲೆಗೆ ಕಲಕಪ್ಪ ಬರುತ್ತಾನೆ. ಅಣ್ಣತಮ್ಮಂದಿರೆಲ್ಲ ತಮ್ಮ ಮಗನಿಗೆ ಅದೇ ಅಜ್ಜನ ಹೆಸರಿಟ್ಟಲ್ಲಿ ಒಂದೇ ತಲೆಯಲ್ಲಿ ಇಬ್ಬರು ಮೂವರು ಆಗುತ್ತಾರೆ.

ಎಲ್ಲರೂ ಕೂಡಿ ಬೆಳೆಸುವ ಆನ್‌ಲೈನ್ ವಂಶವೃಕ್ಷಕ್ಕೆ ಇವರನ್ನು ಏರಿಸಿದರೆ ಅದು ಮೊದಲು ಕೇಳುವ ಪ್ರಶ್ನೆ, ಇವರಿಬ್ಬರೂ ಒಬ್ಬರೇ ಇರಬಹುದು, ಕೂಡಿಸಲೇ ಎಂದು. ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಿದ ನಮ್ಮ ಅಣ್ಣತಮ್ಮಕಿಯ ಹುಡುಗನೊಬ್ಬ ಹೂಂ ಎಂದ. ಅಜ್ಜ, ಮೊಮ್ಮಗ ಇಬ್ಬರೂ ಒಬ್ಬನೇ ಆಗಿ, ಒಬ್ಬನ ಮಕ್ಕಳು ಇನ್ನೊಬ್ಬನ ಹೆಂಡತಿಗೆ ಸೇರಿದರು. ಫ್ಯಾಮಿಲಿಸರ್ಚ್‌ನಂಥ ಮರದಲ್ಲಿ ಯಾರು ಯಾವಾಗ ಏನು ಬದಲಿಸಿದರೆಂಬ ಇತಿಹಾಸ ಉಳಿಯುವುದರಿಂದ ಬಿಡಿಸಲು ದಾರಿ ಇತ್ತು. ಆದರೆ ಯಾವ ಕಲಕಪ್ಪ ಯಾರು ಎಂದು ಮರಕ್ಕೆ ಹೇಳಿಕೊಡಬೇಕಾದದ್ದು ನನ್ನ ಮನೆಯ ದಫ್ತರವೇ. ಮರದಲ್ಲಿ ನಾವು ಮುಟ್ಟಿದ ತೀರ್ಮಾನ ಇರುತ್ತದೆ, ಆ ತೀರ್ಮಾನಕ್ಕೆ ಹೇಗೆ ಬಂದೆವು ಎಂಬುದು ಮನೆಯಲ್ಲಿರಬೇಕು. ಅದಕ್ಕೆ ಈಗ ಪ್ರತಿಯೊಬ್ಬರಿಗೂ ಒಂದು ಹಾಳೆ ಇಟ್ಟಿದ್ದೇನೆ. ಮರವು ಅವರಿಗೆ ಕೊಟ್ಟ ಗುರುತು ಸಂಖ್ಯೆ ಹಾಳೆಯ ತುದಿಯಲ್ಲಿ. ಕೆಳಗೆ ಯಾವ ಮಾತನ್ನು ಯಾರು ಹೇಳಿದರು, ಯಾವ ಕಾಗದದಲ್ಲಿ ಕಂಡಿತು ಎಂಬ ವಿವರ. ಎರಡು ನಮೂದು ಕೂಡಿಸಿದಾಗ ಒಂದು ಸಂಖ್ಯೆ ಅಳಿದು ಇನ್ನೊಂದು ಉಳಿಯುತ್ತದೆ. ಹಾಳೆಯಲ್ಲಿ ಹಳೆಯದನ್ನು ಹೊಡೆದುಹಾಕದೆ ಹೊಸದನ್ನು ಪಕ್ಕಕ್ಕೆ ಬರೆಯುತ್ತೇನೆ.

ಹೆಳವರು ಬಾರದಿದ್ದರೆ ಇದರಲ್ಲಿ ಅರ್ಧದಷ್ಟೂ ತಿಳಿಯುತ್ತಿರಲಿಲ್ಲ. ಗಜೇಂದ್ರಗಡವನ್ನು ಆಳಿದ ಘೋರ್ಪಡೆ ಮನೆತನದಂಥವರಿಗೆ ಸನದು, ಬಖರುಗಳಿದ್ದವು. ನಮ್ಮಂಥ ಒಕ್ಕಲುತನದ ಮನೆಗಳಿಗೆ ಹೆಳವರೇ ದಫ್ತರ. ಎತ್ತಿನ ಮೇಲೆ, ಕಾಲಿಗೆ ಕಂಬಳಿ ಹೊದ್ದು ಊರಿಗೆ ಬಂದು ಮನೆಮನೆಯ ಕಥೆ ಹೇಳುವ ಇವರ ಬಗ್ಗೆ ಥರ್ಸ್ಟನ್ 1909ರಲ್ಲೇ ಬರೆದಿದ್ದಾನೆ. ಸುಗ್ಗಿ ಮುಗಿದ ಮೇಲೆ ಬಂದು, ಮೂಲ ಊರು ಯಾವುದು, ಅಲ್ಲಿಂದ ಏಕೆ ಎದ್ದುಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು ಎಂದು ರಾಗವಾಗಿ ಓದುತ್ತಾರೆ. ಕಾಳು, ಅರಿವೆ, ರೊಕ್ಕ ಪಡೆದು ಹೊಸದಾಗಿ ಹುಟ್ಟಿದವರನ್ನು ಹೊತ್ತಿಗೆಗೆ ಸೇರಿಸಿಕೊಂಡು ಹೋಗುತ್ತಾರೆ. ಆ ಹೊತ್ತಿಗೆ ಅವರ ಅನ್ನ. ಅದರಲ್ಲಿ ಬೇರೆ ಮನೆತನಗಳ ಸಂಗತಿಯೂ ಇರುತ್ತದೆ. ಪುಟಗಳ ಫೋಟೊ ತೆಗೆದು ಮರಕ್ಕೆ ಹಾಕಲು ನನಗೆ ಮನಸ್ಸಾಗಲಿಲ್ಲ. ಅವರನ್ನು ಕೇಳಿ ಓದಿದ್ದನ್ನು ಧ್ವನಿಮುದ್ರಿಸಿಕೊಂಡೆ, ನಮ್ಮ ಮನೆಯಷ್ಟನ್ನು ಬರೆದುಕೊಂಡೆ, ಮರದಲ್ಲಿ ಆಧಾರದ ಜಾಗದಲ್ಲಿ ‘ಹೆಳವರು ಓದಿದ್ದು’ ಎಂದು ಇಸವಿ ಸಹಿತ ನಮೂದಿಸಿದೆ. ಅದು ಆಧಾರವೇ ಅಲ್ಲ ಎನ್ನುವವರಿದ್ದಾರೆ. ಹಾಗೆನ್ನುವವರ ಅಜ್ಜನ ಅಜ್ಜನ ಹೆಸರು ಉಳಿದಿರುವುದೂ ಆ ಬಾಯಿಂದಲೇ.

ಇಸವಿಯ ತೊಡಕು ಬೇರೆ. ಹಿರಿಯರ ಲೆಕ್ಕ ಸಂವತ್ಸರದ್ದು, ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ‘ಧಾತು ಸಂವತ್ಸರದಾಗ ತೀರಿಕೊಂಡ’ ಎಂಬ ಮಾತನ್ನು ಒಬ್ಬರು 1936 ಎಂದು ಮರದಲ್ಲಿ ಬರೆದಿದ್ದರು. ನಮ್ಮ ಅತ್ತಿ ಹೇಳುತ್ತಿದ್ದುದು ಧಾತು ಬರ. ಅದು 1876ರಲ್ಲಿ ಹಿಡಿದ ದೊಡ್ಡ ಬರ. ವಾರಸಾದ ಹಳೆಯ ನಕಲು ತೆಗೆಸಿ ನೋಡಿದರೆ 1936ಕ್ಕೆ ಎಷ್ಟೋ ಮೊದಲೇ ಹೊಲಕ್ಕೆ ಮಕ್ಕಳ ಹೆಸರು ಹಚ್ಚಿದ್ದರು. ಕಾಳಯುಕ್ತಿ ಎಂದರೆ 1918, ಇನ್‌ಫ್ಲುಯೆಂಜಾ ಜ್ವರದ ವರ್ಷ. ಅದೇ ವರ್ಷದ ಸಾವುಗಳು ನಮ್ಮ ಮನೆಯಲ್ಲಿ ಒಂದರ ಮೇಲೊಂದು ಬಿದ್ದಿವೆ. ಸಂವತ್ಸರವನ್ನು ಕೇಳಿದ ಹಾಗೇ ಬರೆದು, ಇಸವಿಯನ್ನು ಅದರ ಕೆಳಗೆ ಬೇರೆ ಸಾಲಿನಲ್ಲಿ ಬರೆಯುವುದು ಒಳ್ಳೆಯದು. ಇನ್ನು ಶಾಲೆಯ ದಾಖಲೆಯಲ್ಲಿ ಜೂನ್ 1 ಹುಟ್ಟಿದ ತಾರೀಖಾಗಿದ್ದರೆ ಅದನ್ನು ಮಾಸ್ತರರು ಬರೆದ ತಾರೀಖೆಂದೇ ತಿಳಿಯಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ತಂದದ್ದು ಹೆಣ್ಣುಮಕ್ಕಳ ಸಾಲು. ಹೆಳವರ ಓದಿನಲ್ಲಿ ಗಂಡಿನಿಂದ ಗಂಡಿಗೆ ಎಳೆ ಹರಿಯುತ್ತದೆ, ಮಗಳು ಕೊಟ್ಟ ಊರಿನೊಂದಿಗೆ ಮುಗಿಯುತ್ತಾಳೆ. ಮದುವೆಯಲ್ಲಿ ಹೆಸರೂ ಬದಲಾಗುತ್ತಿತ್ತು. ಅತ್ತಿಯ ತವರಿನ ಹೆಸರು ಕೇಳಿದಾಗ ‘ಅದನ್ಯಾರು ಕೇಳ್ತಾರಪಾ ಈಗ’ ಎಂದಳು. ಆಮೇಲೆ ಹೇಳಿ, ತನ್ನ ಅವ್ವನದನ್ನೂ, ಅವ್ವನ ಅವ್ವನದನ್ನೂ ಹೇಳಿದಳು. ಯಾವ ಹೊತ್ತಿಗೆಯಲ್ಲೂ ಇರದ ಹೆಸರುಗಳವು. ಹಂಚಿಕೆಯ ಮರದ ನಿಜವಾದ ಉಪಕಾರ ಕಂಡದ್ದು ಇಲ್ಲಿ: ಇಳಕಲ್ಲು, ಸೊಲ್ಲಾಪುರಗಳಿಗೆ ಕೊಟ್ಟ ಹೆಣ್ಣುಮಕ್ಕಳ ಮೊಮ್ಮಕ್ಕಳು ತಮ್ಮ ಕಡೆಯಿಂದ ಏರಿಸಿಕೊಂಡು ಬಂದು ನಮ್ಮ ಎಳೆಗೆ ಕೂಡಿದರು. ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಂಡ ಮದುವೆಗಳಿವೆ. ಒಬ್ಬನೇ ಮನುಷ್ಯ ಸೋದರಮಾವನೂ ಹೌದು, ಗಂಡನೂ ಹೌದು. ಈ ಕಡೆಯ ರೂಢಿ ಗೊತ್ತಿಲ್ಲದವರು ಅದನ್ನು ತಪ್ಪೆಂದು ತಿಳಿದು ಒಂದು ಕೊಂಡಿ ಕತ್ತರಿಸಬಹುದು. ಅಂಥ ಕಡೆ ಮರದ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

ಮನೆಯ ಪ್ರತಿಯನ್ನು ಗ್ರ್ಯಾಂಪ್ಸ್ ಎಂಬ ಉಚಿತ ತಂತ್ರಾಂಶದಲ್ಲೂ ಇಟ್ಟಿದ್ದೇನೆ; ಅದರಲ್ಲಿ ಪ್ರತಿ ಸಂಗತಿಗೂ ಆಧಾರ ಹಚ್ಚಬಹುದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು 1984ರಿಂದ ಬಳಕೆಯಲ್ಲಿರುವ ಜೆಡ್‌ಕಾಮ್ ಕಡತ ಇದೆ. ಕನ್ನಡಿಗರು ಗಮನಿಸಬೇಕಾದದ್ದೆಂದರೆ ಉಳಿಸುವಾಗ ಯುಟಿಎಫ್-8 ಆರಿಸಬೇಕು, ಇಲ್ಲದಿದ್ದರೆ ಕಲಕಪ್ಪನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. 2021ರ ಏಳನೆಯ ಆವೃತ್ತಿ ಯುಟಿಎಫ್-8 ಅನ್ನೇ ಕಡ್ಡಾಯ ಮಾಡಿದೆ.

ಜೀವಂತ ಇರುವವರ ವಿವರ ಮನೆಯ ಹಾಳೆಗಳಲ್ಲೇ ಇದೆ. ನಮ್ಮ ಕಡೆ ವಂಶಾವಳಿ ಎಂದ ಕೂಡಲೇ ಮಂದಿಗೆ ನೆನಪಾಗುವುದು ನಾಡಕಚೇರಿ ಮತ್ತು ವಾಟ್ನಿ. ‘ಹೊಲದ ಸಲುವಾಗಿ ಬಂದೀಯೇನು’ ಎಂದು ಕಾಕಾ ಒಬ್ಬರು ನೇರವಾಗಿಯೇ ಕೇಳಿದರು. ಆನ್‌ಲೈನ್ ಮರಕ್ಕೆ ಕಚೇರಿಯಲ್ಲಿ ಕಿಮ್ಮತ್ತಿಲ್ಲ, ಅದರಿಂದ ಯಾರ ಪಾಲೂ ಹೆಚ್ಚುಕಡಿಮೆ ಆಗುವುದಿಲ್ಲ ಎಂದು ತಿಳಿಸಿ ಹೇಳಲು ಚಹಾ ಎರಡು ಸಲ ಬರಬೇಕಾಯಿತು. ಅವರ ಅನುಮಾನ ನ್ಯಾಯವಾದದ್ದು. ಅವರ ಮನೆಗೆ ದತ್ತಕ ಬಂದ ಮಗನ ಸಂಗತಿ ಅದರ ಹಿಂದಿತ್ತು. ಹೆಳವರು ಅವನನ್ನು ದತ್ತಕ ಹೋದ ಮನೆಯಲ್ಲೇ ಓದುತ್ತಾರೆ. ಹುಟ್ಟಿದ ಮನೆ ಯಾವುದೆಂದು ಕಾಕಾನೇ ಬರೆಯಿಸಿದ್ದಾರೆ, ಆ ಹಾಳೆ ನನ್ನ ಕಡೆ ಇದೆ. ಅದನ್ನು ಮರಕ್ಕೆ ಏರಿಸುವುದು, ಬಿಡುವುದು ಅವನ ಮಕ್ಕಳಿಗೆ ಸೇರಿದ್ದು. ಅವರಿಗೆ ಪತ್ರ ಬರೆದಿದ್ದೇನೆ.