ಹಸಿರೇರಿದ ನೀರು

ನಮ್ಮ ಪುಣೆಯ ಮುಳಾ-ಮುಠಾ ನದಿಯು ಭೀಮೆಯನ್ನು ಸೇರಿ, 1980ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯವನ್ನು ಹೊಗುವುದು. ನಗರದ ಕೊಳಚೆಯೂ ಕಬ್ಬಿನ ಹೊಲಗಳಿಂದ ತೊಳೆದುಬಂದ ಗೊಬ್ಬರವೂ ಅಲ್ಲಿಗೆ ಸಾರಜನಕ, ರಂಜಕಗಳನ್ನು ಒಯ್ಯುತ್ತವೆ. ಪೈರಿಗೆ ಪುಷ್ಟಿಯಾದುದೇ ನಿಂತ ನೀರಿನಲ್ಲಿ ಪಾಚಿಯನ್ನು ಹುಲುಸಾಗಿ ಬೆಳೆಸುವುದು. ಪಾಚಿಯು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವು ತೀರಿ ಮೀನುಗಳು ಸಾಯುವುವು. ಕೆಲವು ನೀಲಿ-ಹಸಿರು ಪಾಚಿಗಳಲ್ಲಿ ಯಕೃತ್ತಿಗೆ ಹಾನಿಮಾಡುವ ವಿಷವುಂಟು. ನೀರನ್ನು ಕುದಿಸಿದರೂ ಅದು ನಾಶವಾಗದು.

ಆದುದರಿಂದ ಮೂಲದಲ್ಲಿಯೇ ತಡೆಯಬೇಕು. ಮಣ್ಣನ್ನು ಪರೀಕ್ಷಿಸಿ, ಬೇಕಾದಷ್ಟೇ ಗೊಬ್ಬರವನ್ನು ಕಂತುಗಳಲ್ಲಿ ಹಾಕಬೇಕು. ದಂಡೆಯಲ್ಲಿ ಹುಲ್ಲು ಬೆಳೆಸಬೇಕು. ಕೊಳಚೆಯನ್ನು ಶುದ್ಧಗೊಳಿಸಿಯೇ ಹೊಳೆಗೆ ಬಿಡಬೇಕು. ಭೀಮೆಯು ಪಂಢರಪುರವನ್ನು ದಾಟಿ ಕನ್ನಡನಾಡಿಗೆ ಹರಿಯುವಳು. ಅಲ್ಲಿಯ ಬಂಧುಗಳ ನೀರಿನ ಶುಚಿತ್ವವು ಇಲ್ಲಿಯ ನಮ್ಮ ಎಚ್ಚರವನ್ನೂ ಅವಲಂಬಿಸಿದೆ.