ಹೆಸರು ಬರೆದ ಮೇಲೆ



ಮಾನಸಾಂತರವೆಂಬದು ಒಂದೇ ದಿನದಲ್ಲಿ ಮುಗಿದುಹೋಗುವ ಕಾರ್ಯವೋ? ಪಂಡಿತಾ ರಮಾಬಾಯಿಯವರ ಜೀವಿತವು ಇದಕ್ಕೆ ಉತ್ತರ ಕೊಡುತ್ತದೆ.

1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಆಕೆ ತಾಯಿಯಿಂದ ಸಂಸ್ಕೃತವನ್ನು ಕಲಿತರು. ಹರೆಯದಲ್ಲಿಯೇ ತಂದೆತಾಯಿಗಳನ್ನು ಕ್ಷಾಮಕಾಲದಲ್ಲಿ ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಆದರೂ ಆಗ ತನಗೆ ದೊರೆತದ್ದು ಕ್ರೈಸ್ತಮತವೇ ಹೊರತು ಕ್ರಿಸ್ತನಲ್ಲವೆಂದು ವರ್ಷಗಳ ತರುವಾಯ ಆಕೆಯೇ ಒಪ್ಪಿಕೊಂಡರು.

ಕರ್ತನನ್ನು ಸ್ವತಃ ಕಂಡುಕೊಂಡ ಮೇಲೆ ನಡೆದದ್ದೇನು? ಹಸಿವೆಯನ್ನು ಬಲ್ಲ ಆಕೆ 1896–97ರ ಕ್ಷಾಮದಲ್ಲಿ ಆಗಿನ ಮಧ್ಯಪ್ರಾಂತ್ಯಕ್ಕೆ ಹೋಗಿ, ನೂರಾರು ಅನಾಥೆಯರನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವದಲ್ಲಿ ಸಲಹಿದರು. ಅಲ್ಲಿ ಓದುಬರಹದೊಡನೆ ಅಡಿಗೆ, ನೇಯ್ಗೆ, ಹೊಲದ ಕೆಲಸ, ಮುದ್ರಣ ಇವೂ ಪಾಠಗಳಾದವು. ಆಕೆಯ ಭಕ್ತಿಯು ಅನ್ನವಾಗಿಯೂ ಅಕ್ಷರವಾಗಿಯೂ ಪರಿಣಮಿಸಿತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಒಮ್ಮೆ ಮುಂಜಾನೆಯ ಪ್ರಾರ್ಥನೆಗೆ ತಡವಾಗಿ ಬಂದ ಬಾಲಕಿಯೊಬ್ಬಳನ್ನು ಎಲ್ಲರೆದುರಿಗೆ ಗದರಿಸಿದೆನು. ಅವಳು ಕಾಯಿಲೆಯ ತಾಯಿಗೆ ಗಂಜಿ ಕಾಯಿಸಿಟ್ಟು ಬಂದಿದ್ದಳೆಂದು ಆಮೇಲೆ ತಿಳಿಯಿತು. ಆ ದಿನ ನಾನು ಪ್ರಾರ್ಥನೆಯನ್ನು ನಡಿಸಿದೆನು. ಕ್ರಿಸ್ತನನ್ನು ಹಿಂಬಾಲಿಸಿದವಳು ಅವಳು. ಮರುದಿನ ಎಲ್ಲರೆದುರಿಗೇ ಅವಳ ಕ್ಷಮೆಯನ್ನು ಬೇಡಿದೆನು. ನಾಲಿಗೆ ತಡವರಿಸಿತು, ಮನಸ್ಸು ಹಗುರಾಯಿತು.

ಸಹೋದರಿಯರೇ, ಸಭೆಯ ಪುಸ್ತಕದಲ್ಲಿ ನಮ್ಮಲ್ಲಿ ಅನೇಕರ ಹೆಸರುಂಟು. ಆದರೆ ನಮ್ಮ ಮನೆಯ ಕೆಲಸದಾಕೆಯೂ, ಅತ್ತೆಯೂ, ನೆರೆಯವರೂ ನಮ್ಮ ಮಾತಿನಲ್ಲಿಯೂ ನಡತೆಯಲ್ಲಿಯೂ ಆತನ ಗುರುತನ್ನು ಕಾಣುತ್ತಾರೋ? ದೀಪವಾರಿಸುವ ಮುನ್ನ ದಿನಾಲೂ ಈ ಪ್ರಶ್ನೆಯನ್ನು ಕೇಳಿಕೊಳ್ಳೋಣ.