ಯಾಕೋಬನ ಇಪ್ಪತ್ತು ವರ್ಷ ಮತ್ತು ನಮ್ಮ ನರ್ಸುಗಳ ಪ್ರಶ್ನೆ



ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಒಂದೇ ರೈಲು ಮಾರ್ಗದ ಮೇಲಿರುವ ಮೂರು ಊರುಗಳು. ಉತ್ತರಕ್ಕೆ ಹೊರಟ ಗಾಡಿ ಹತ್ತಿದರೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳು. ದಕ್ಷಿಣಕ್ಕೆ ಹೊರಟ ಗಾಡಿ ಹತ್ತಿದರೆ ದಾವಣಗೆರೆಯ ದೊಡ್ಡ ಆಸ್ಪತ್ರೆಗಳು. ಇವೆರಡರ ನಡುವೆ ನಮ್ಮೂರುಗಳ ಹತ್ತು, ಇಪ್ಪತ್ತು, ಮೂವತ್ತು ಹಾಸಿಗೆಗಳ ನರ್ಸಿಂಗ್ ಹೋಮ್‌ಗಳು. ಅಲ್ಲಿ ಹಗಲು ರಾತ್ರಿ ಪಾಳಿಯಲ್ಲಿ ದುಡಿಯುವವರಲ್ಲಿ ನಮ್ಮ ಧರ್ಮಕೇಂದ್ರಗಳ ಹೆಣ್ಣುಮಕ್ಕಳೂ ಇದ್ದಾರೆ. ಅವರು ಗುರುನಿವಾಸದ ಬಾಗಿಲಿಗೆ ಬಂದು ಕೇಳುವ ಒಂದು ಪ್ರಶ್ನೆಯನ್ನು ಈ ವಾರ ನಿಮ್ಮ ಮುಂದೆ ಇಡುತ್ತೇನೆ. ಯಾರ ಗುರುತೂ ಹತ್ತಬಾರದೆಂದು ಮೂವರು ಕೇಳಿದ್ದನ್ನು ಒಬ್ಬಳ ಮಾತಾಗಿ ಹೇಳುತ್ತೇನೆ.

"ಫಾದರ್, ಒಂದೇ ದವಾಖಾನ್ಯಾಗ ಒಂಬತ್ತು ವರ್ಷ ಆತ್ರೀ. ದಾವಣಗೆರಿಯಾಗ ನಾಕು ಸಾವಿರ ಹೆಚ್ಚಿಗಿ ಪಗಾರ ಕೊಡ್ತೀವಿ ಅಂತಾರ. ಇಲ್ಲಿ ಡಾಕ್ಟರು 'ನೀ ಮನಿ ಮಗಳಿದ್ದಂಗ' ಅಂತಾರ. ಇರ್ಲೋ ಬಿಡ್ಲೋ ತಿಳೀವಲ್ದ್ರೀ."

ಹಿಂದೊಮ್ಮೆ ಇಂಥದೇ ಪ್ರಶ್ನೆಗೆ ನಾನು ಥಟ್ಟನೆ ಉತ್ತರ ಕೊಟ್ಟಿದ್ದೆ. ಆಗ ಹೊಸದಾಗಿ ಗುರುದೀಕ್ಷೆ ಪಡೆದಿದ್ದ ನನಗೆ ಉತ್ತರಗಳೆಲ್ಲ ತಿಳಿದಿವೆ ಎಂಬ ಭಾವನೆ ಇತ್ತು. "ಕಷ್ಟದಲ್ಲಿ ಕೆಲಸ ಕೊಟ್ಟವರನ್ನು ಬಿಡಬೇಡಮ್ಮ, ನಿಷ್ಠೆಗೆ ದೇವರು ಫಲ ಕೊಡುತ್ತಾನೆ" ಎಂದೆ. ಆಕೆ ನನ್ನ ಮಾತು ನಂಬಿ ಉಳಿದಳು. ಕೆಲವು ವರ್ಷಗಳ ನಂತರ ವೈದ್ಯರಿಗೆ ವಯಸ್ಸಾಗಿ ಆ ಆಸ್ಪತ್ರೆ ಮುಚ್ಚಿತು. ಭವಿಷ್ಯನಿಧಿಯ ಖಾತೆಯನ್ನೇ ಅಲ್ಲಿ ತೆರೆದಿರಲಿಲ್ಲ. ಆಕೆಗೆ ಸಿಕ್ಕಿದ್ದು ಒಂದು ತಿಂಗಳ ಸಂಬಳ ಮತ್ತು ಒಂದು ಸೀರೆ. ಆ ಸೀರೆಯ ವಿಷಯ ಹೇಳುವಾಗ ಆಕೆ ನಕ್ಕಳು. ನನಗೆ ನಗು ಬರಲಿಲ್ಲ. ಅಂದಿನಿಂದ ಈ ಪ್ರಶ್ನೆ ಕೇಳಿಬಂದಾಗ ಮೊದಲು ಕಾಗದ ಪೆನ್ನು ತೆಗೆದುಕೊಳ್ಳುತ್ತೇನೆ.

ಪವಿತ್ರ ಬೈಬಲಿನಲ್ಲಿ ಒಬ್ಬನೇ ಯಜಮಾನನ ಬಳಿ ಇಪ್ಪತ್ತು ವರ್ಷ ದುಡಿದವನೊಬ್ಬನ ಕಥೆ ಇದೆ. ಆದಿಕಾಂಡದ 29ರಿಂದ 31ನೇ ಅಧ್ಯಾಯದವರೆಗೆ ಓದಿರಿ. ಯಾಕೋಬನು ರಾಖೇಲಳಿಗಾಗಿ ಏಳು ವರ್ಷ ದುಡಿದ. ಮಾವ ಲಾಬಾನ ಮೋಸದಿಂದ ಲೇಯಳನ್ನು ಕೊಟ್ಟ. ಮತ್ತೆ ಏಳು ವರ್ಷ ದುಡಿದ. ಆಮೇಲೆ ಕುರಿಮಂದೆಗಾಗಿ ಆರು ವರ್ಷ. ಈ ಅವಧಿಯಲ್ಲಿ ಲಾಬಾನ ಅವನ ಕೂಲಿಯನ್ನು ಹತ್ತು ಸಲ ಬದಲಾಯಿಸಿದ. ಹಗಲಿನ ಬಿಸಿಲು, ರಾತ್ರಿಯ ಚಳಿ, ನಿದ್ದೆಯಿಲ್ಲದ ಕಣ್ಣು ಎಂದು ಯಾಕೋಬ ತೋಡಿಕೊಳ್ಳುವ ದುಃಖ ರಾತ್ರಿಪಾಳಿ ಮಾಡುವ ಪ್ರತಿಯೊಬ್ಬ ನರ್ಸಿಗೂ ಅರ್ಥವಾದೀತು. ಇನ್ನೊಂದು ಸಂಗತಿ: ಕಾಡುಮೃಗ ತಿಂದ ಕುರಿಯ ನಷ್ಟವನ್ನೂ ಯಾಕೋಬನೇ ತುಂಬಿಕೊಡಬೇಕಾಗಿತ್ತು. ಒಡೆದ ಥರ್ಮಾಮೀಟರಿನ ಬೆಲೆಯನ್ನು ಪಗಾರದಲ್ಲಿ ಮುರಿದುಕೊಳ್ಳುವವರನ್ನು ಕಂಡಾಗ ನನಗೆ ಲಾಬಾನನ ನೆನಪಾಗುತ್ತದೆ.

ಈ ಯಾಕೋಬನಿಗೆ ದೇವರು "ಇನ್ನೂ ಸ್ವಲ್ಪ ತಾಳಿಕೋ" ಎನ್ನಲಿಲ್ಲ. ಸ್ವಂತ ನಾಡಿಗೆ ಹೊರಡು ಎಂದೇ ಹೇಳಿದರು. ಯಾಕೋಬನ ಪ್ರಾಮಾಣಿಕತೆ ಮಂದೆಯ ವಿಷಯದಲ್ಲಿ ಕೊನೆಯ ದಿನದವರೆಗೂ ಕುಂದಲಿಲ್ಲ. ಲಾಬಾನನ ಮನೆಯಲ್ಲೇ ಸಾಯಬೇಕೆಂಬ ಹಂಗು ಮಾತ್ರ ಅವನಿಗೆ ಇರಲಿಲ್ಲ. ರೋಗಿಯ ವಿಷಯದಲ್ಲಿ ನಿಷ್ಠೆ ಬೇರೆ, ಸಂಬಳ ಕೊಡುವವನ ಬಳಿ ಉಳಿಯುವುದು ಬೇರೆ. ಸಂತ ಥಾಮಸ್ ಅಕ್ವೀನಾಸರು ಕೃತಜ್ಞತೆಯ ಋಣ ಮತ್ತು ನ್ಯಾಯದ ಋಣ ಇವೆರಡನ್ನು ಬೇರೆ ಬೇರೆಯಾಗಿ ಎಣಿಸಿದ್ದಾರೆ. ಕೆಲಸ ಕಲಿಸಿದ ವೈದ್ಯರಿಗೆ ನಮ್ಮ ತಂಗಿ ಕೃತಜ್ಞಳಾಗಿರಲಿ. ಆದರೆ ಆ ಕೃತಜ್ಞತೆಯನ್ನು ತೋರಿಸಿ ನ್ಯಾಯದ ಬಾಕಿಯನ್ನು ಮನ್ನಾ ಮಾಡಿಸಿಕೊಳ್ಳುವ ಅಧಿಕಾರ ಯಾವ ಯಜಮಾನನಿಗೂ ಇಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಒಂದೇ ಕಡೆ ಉಳಿದವರಿಗೆ ಕಾನೂನು ನೇರವಾಗಿ ಕೊಡುವ ಫಲ ಎಂದರೆ ಗ್ರಾಚ್ಯುಯಿಟಿ. 1972ರ ಕಾಯ್ದೆಯಲ್ಲಿದ್ದ ಈ ಹಕ್ಕು, 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ಇದು ಅನ್ವಯಿಸುತ್ತದೆ. ಐದು ವರ್ಷ ಸತತ ಸೇವೆ ತುಂಬಿದರೆ, ತಾವೇ ರಾಜೀನಾಮೆ ಕೊಟ್ಟರೂ ಸಿಗಬೇಕು. ನಿಗದಿತ ಅವಧಿಗೆ ನೇಮಕವಾದವರಿಗೆ ಹೊಸ ಸಂಹಿತೆ ಒಂದೇ ವರ್ಷ ಸಾಕೆನ್ನುತ್ತದೆ. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ತಿಂಗಳಿಗೆ 18,000 ರೂಪಾಯಿ ಎಂದಿಟ್ಟುಕೊಂಡರೆ ಒಂದು ವರ್ಷಕ್ಕೆ ಸುಮಾರು 10,385 ರೂಪಾಯಿ. ಒಂಬತ್ತು ವರ್ಷಕ್ಕೆ ಸುಮಾರು 93,460.

ಆ ತಂಗಿಗೆ ತನಗೆ ಇಷ್ಟು ಹಣ ಬರಬೇಕಾಗಿದೆ ಎಂಬುದೇ ಗೊತ್ತಿರಲಿಲ್ಲ. "ಬಿಟ್ರ ಅದು ಹೋಗ್ತೈತೇನ್ರೀ?" ಎಂದು ಹೆದರಿದಳು. ಹೋಗುವುದಿಲ್ಲ. ಐದು ವರ್ಷ ದಾಟಿದ ಮೇಲೆ ಅದು ಆಕೆಯ ಗಳಿಕೆ. ನಾಲ್ಕನೇ ವರ್ಷದಲ್ಲಿ ಸಿಟ್ಟಿನಿಂದ ಬಿಟ್ಟುಹೋಗುವವರು ಮಾತ್ರ ಯೋಚಿಸಬೇಕು. ಅವರಿಗೆ ಕೆಲವು ತಿಂಗಳ ತಾಳ್ಮೆಯಿಂದ ಐವತ್ತು ಸಾವಿರಕ್ಕೂ ಮಿಕ್ಕಿ ಹಣ ಉಳಿಯಬಹುದು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿರಿ. ವರ್ಷಕ್ಕೆ 10,385 ಎಂದರೆ ತಿಂಗಳಿಗೆ 865 ರೂಪಾಯಿ. ದಾವಣಗೆರೆಯವರು ನಾಲ್ಕು ಸಾವಿರ ಹೆಚ್ಚು ಕೊಡುವಾಗ ಗ್ರಾಚ್ಯುಯಿಟಿಯ ಆಸೆಗೆ ಇಲ್ಲಿ ಕೂರುವುದರಲ್ಲಿ ಅರ್ಥವಿಲ್ಲ. ಆದರೆ ಅಲ್ಲಿ ಕೋಣೆಯ ಬಾಡಿಗೆ, ಊಟ, ವಾರಕ್ಕೊಮ್ಮೆ ಬಂದುಹೋಗುವ ಖರ್ಚು ಸೇರಿ ಮೂರೂವರೆ ಸಾವಿರ ಆದರೆ ಉಳಿಯುವುದು ಐನೂರು! ಆಕೆ ಬೆರಳು ಮಡಚಿ ಎಣಿಸಿ ಸುಮ್ಮನಾದಳು. ಹೆಚ್ಚಿನ ಸಂಬಳ ಎಂಬ ಮಾತು ಕೇಳಿದೊಡನೆ ಹೊರಡುವವರು ಈ ಎಣಿಕೆಯನ್ನು ಗಾಡಿ ಹತ್ತುವ ಮೊದಲೇ ಮಾಡಬೇಕು.

ಪಿಂಚಣಿಯ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಇನ್ನೂ ದೊಡ್ಡದು. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಭವಿಷ್ಯನಿಧಿ ಕಟ್ಟಬೇಕು: ನೌಕರರಿಂದ ನೂರಕ್ಕೆ 12, ಸಂಸ್ಥೆಯಿಂದ ನೂರಕ್ಕೆ 12. ಸಂಸ್ಥೆಯ ಪಾಲಿನಲ್ಲಿ 8.33 ಭಾಗ 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. 58ನೇ ವಯಸ್ಸಿನಿಂದ ಪಿಂಚಣಿ ಬರಲು ಹತ್ತು ವರ್ಷದ ಸೇವೆ ಬೇಕು. ಆದರೆ ಆ ಹತ್ತು ವರ್ಷ ಒಂದೇ ಆಸ್ಪತ್ರೆಯದಾಗಿರಬೇಕಿಲ್ಲ! ನಾಲ್ಕು ಕಡೆ ಮೂರು ಮೂರು ವರ್ಷ ದುಡಿದು, ಪ್ರತಿ ಸಲವೂ ಖಾತೆಯನ್ನು ಹೊಸ ಕೆಲಸಕ್ಕೆ ವರ್ಗಾಯಿಸಿಕೊಂಡವರಿಗೆ ಹನ್ನೆರಡು ವರ್ಷದ ಸೇವೆ ಲೆಕ್ಕಕ್ಕೆ ಬರುತ್ತದೆ. ಪಿಂಚಣಿಯ ಸಂಬಳ 15,000 ಎಂದು ಹಿಡಿದರೆ ಹನ್ನೆರಡರಿಂದ ಗುಣಿಸಿ 70ರಿಂದ ಭಾಗಿಸಬೇಕು. ತಿಂಗಳಿಗೆ ಸುಮಾರು 2,571 ರೂಪಾಯಿ. ಅಷ್ಟೇ ವರ್ಷ ದುಡಿದು ಪ್ರತಿ ಸಲ ಕೆಲಸ ಬಿಟ್ಟಾಗ ಪಿಂಚಣಿಯ ಹಣವನ್ನೂ ಸೇರಿಸಿ ಎಲ್ಲವನ್ನೂ ತೆಗೆದುಕೊಂಡವರಿಗೆ ಪಿಂಚಣಿ ಸೊನ್ನೆ. ತಂಗಿಯ ಮದುವೆಗೆ, ಮನೆಯ ಮಾಳಿಗೆಗೆ ಎಂದು ಆ ಹಣ ಕರಗಿಹೋಗುತ್ತದೆ. ಅಪ್ಪಂದಿರೇ, ಅಣ್ಣಂದಿರೇ, ಈ ಮಾತು ನಿಮಗೂ ಸೇರಿದ್ದು.

ತಾಯಿಯಾಗಲಿರುವವರು ಇನ್ನೊಂದನ್ನು ನೆನಪಿಡಬೇಕು. ವೇತನಸಹಿತ 26 ವಾರಗಳ ಹೆರಿಗೆ ರಜೆ ಸಿಗಲು ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಅದೇ ಸಂಸ್ಥೆಯಲ್ಲಿ ಕನಿಷ್ಠ 80 ದಿನ ದುಡಿದಿರಬೇಕು. ಹೊಟ್ಟೆಯಲ್ಲಿ ಕೂಸಿರುವಾಗ ಕೆಲಸ ಬದಲಾಯಿಸುವವರು ತಿಂಗಳು ಎಣಿಸಿಕೊಳ್ಳಲಿ.

ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲಿರುವವರ ಕಥೆ ಬೇರೆ. "ಇಷ್ಟು ವರ್ಷ ಆತು, ಇವತ್ತಲ್ಲ ನಾಳೆ ಕಾಯಂ ಮಾಡ್ತಾರ" ಎಂಬ ನಂಬಿಕೆಯಲ್ಲಿ ಪ್ರಾಯವೇ ಕಳೆದುಹೋಗುತ್ತದೆ. ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಆರಂಭವಾದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2006ರ ಏಪ್ರಿಲ್ 10ರಂದು ತೀರ್ಪು ಕೊಟ್ಟಿತು: ಬಹುಕಾಲ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ. 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಜಗ್ಗೋ ಎಂಬುವರ ಪ್ರಕರಣದಲ್ಲಿ, ಆ ತೀರ್ಪನ್ನು ದೀರ್ಘಕಾಲ ದುಡಿದವರನ್ನು ಶೋಷಿಸಲು ಬಳಸಬಾರದೆಂದು ಹೇಳಿತು. ಇದರಿಂದ ಸ್ವಲ್ಪ ಆಸೆ ಹುಟ್ಟಿದೆ, ನಿಜ. ಆದರೂ ನನ್ನ ಸಲಹೆ ಇದು: ಗುತ್ತಿಗೆ ಕೆಲಸ ಮಾಡುತ್ತಲೇ ನೇರ ನೇಮಕಾತಿಯ ಅರ್ಜಿಗಳನ್ನು ವಯೋಮಿತಿ ಮೀರುವ ಮೊದಲು ಹಾಕುತ್ತಿರಬೇಕು.

ಖಾಸಗಿ ಆಸ್ಪತ್ರೆಗಳ ಸಂಬಳದ ಬಗ್ಗೆಯೂ ಹೇಳಬೇಕು. 2016ರ ಜನವರಿ 29ರಂದು ಸುಪ್ರೀಂ ಕೋರ್ಟ್ ನರ್ಸುಗಳ ಸಂಘದ ಅರ್ಜಿಯ ಮೇಲೆ ನೀಡಿದ ಆದೇಶದಂತೆ ಕೇಂದ್ರ ಸರ್ಕಾರ ಸಮಿತಿ ನೇಮಿಸಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು, ಇನ್ನೂರಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸಿನ ಸಮ ಇರಬೇಕು ಎಂದು ಆ ಸಮಿತಿ ಹೇಳಿತು. ಇದು ಶಿಫಾರಸು ಮಾತ್ರ. ಆದರೂ ಸಂಬಳದ ಮಾತುಕತೆಗೆ ಕೂರುವ ನರ್ಸಿಗೆ ಈ ಅಂಕಿ ಗೊತ್ತಿರಬೇಕು. ಹುಡುಗಿ ಒಪ್ಪಿಕೊಂಡೇ ಸೇರಿದ್ದಾಳಲ್ಲ ಎಂದು ಯಜಮಾನರು ಹೇಳಬಹುದು. ಒಪ್ಪಿಗೆ ಒಂದೇ ಸಂಬಳವನ್ನು ನ್ಯಾಯವಾಗಿಸದು ಎಂದು ಪೋಪ್ 13ನೇ ಲಿಯೋ 1891ರ ತಮ್ಮ ವಿಶ್ವಪತ್ರದಲ್ಲೇ ಬೋಧಿಸಿದರು. ಈ ಮಾತು ನಮ್ಮ ಧರ್ಮಸಭೆಯ ಆಸ್ಪತ್ರೆಗಳಿಗೂ ಸಲ್ಲುತ್ತದೆ. 'ಸೇವೆ' ಎಂಬ ಪದವನ್ನು ಕನ್ಯಾಸ್ತ್ರೀಯರು ತಮಗೆ ಹಚ್ಚಿಕೊಳ್ಳಲಿ, ಅದು ಅವರ ವ್ರತ. ಮನೆಯಲ್ಲಿ ಮೂರು ಹೊಟ್ಟೆ ಸಾಕುವ ಸಂಬಳದ ನರ್ಸಿಗೆ ಅದನ್ನು ಹಚ್ಚಬಾರದು.

ಹಾಗಾದರೆ ಉಳಿಯುವುದೇ ತಪ್ಪೇ? ಅಲ್ಲ. ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರರನ್ನು ಕೇಳಿರಿ. ಒಂದೇ ದಲಾಲಿ ಅಂಗಡಿಗೆ ವರ್ಷಾನುವರ್ಷ ಮಾಲು ತರುವವರಲ್ಲಿ ಎರಡು ಬಗೆ. ಒಬ್ಬ, ತೂಕ ಸರಿ, ಹಣ ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದು ಬರುತ್ತಾನೆ. ಇನ್ನೊಬ್ಬ, ಮುಂಗಡ ತಂದ ಸಾಲ ತೀರದೆ ಬರುತ್ತಾನೆ. ಹೊರಗಿನವರಿಗೆ ಇಬ್ಬರೂ ನಿಷ್ಠಾವಂತರಂತೆಯೇ ಕಾಣುತ್ತಾರೆ! ನರ್ಸಿನ ಬಾಳಿನಲ್ಲಿ ಆ ಮುಂಗಡದ ಜಾಗದಲ್ಲಿರುವುದು ಬಾಂಡು ಮತ್ತು ತೆಗೆದಿಟ್ಟುಕೊಂಡ ಮೂಲ ಸರ್ಟಿಫಿಕೇಟುಗಳು. ಬಾಂಡಿನ ಷರತ್ತು ಎಲ್ಲ ಸಲವೂ ಅಸಿಂಧುವಲ್ಲ. 2025ರ ಮೇನಲ್ಲಿ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ ಅಂಥ ಷರತ್ತನ್ನು ಎತ್ತಿಹಿಡಿದಿದೆ. ಆದ್ದರಿಂದ ಓದದೆ ಸಹಿ ಹಾಕಬೇಡಿರಿ. ಸರ್ಟಿಫಿಕೇಟುಗಳ ಪ್ರತಿ ಕೊಡಿರಿ, ಮೂಲವನ್ನು ಮನೆಯ ಪೆಟ್ಟಿಗೆಯಲ್ಲಿಡಿರಿ.

ಉಳಿಯಲು ಯೋಗ್ಯವಾದ ಆಸ್ಪತ್ರೆ ಯಾವುದೆಂದು ನನ್ನನ್ನು ಕೇಳಿದರೆ, ಕಳೆದ ಎರಡು ವರ್ಷಗಳಲ್ಲಿ ನಿನಗೆ ಹೊಸದಾಗಿ ಏನು ಕಲಿಸಿದರು ಎಂದು ತಿರುಗಿ ಕೇಳುತ್ತೇನೆ. ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಇನ್‌ಚಾರ್ಜ್ ಸಿಸ್ಟರ್ ಹುದ್ದೆ ಒಂದೇ. ಅದಕ್ಕಿಂತ ಮೇಲೆ ಮೆಟ್ಟಿಲಿಲ್ಲ. ತೀವ್ರ ನಿಗಾ ಘಟಕ, ಡಯಾಲಿಸಿಸ್, ಶಸ್ತ್ರಚಿಕಿತ್ಸಾ ಕೊಠಡಿಗಳ ಕೆಲಸ ಕಲಿತವಳಿಗೆ ಎಲ್ಲ ಊರಿನಲ್ಲೂ ಬೇಡಿಕೆ ಇದೆ. ಅದೇ ವೇಳೆ ಆರು ತಿಂಗಳಿಗೊಂದು ಆಸ್ಪತ್ರೆ ಬದಲಾಯಿಸುವವಳು ಏನನ್ನೂ ಪೂರ್ತಿ ಕಲಿಯಲಾರಳು. ಕೊಲ್ಲಿ ರಾಷ್ಟ್ರಗಳಿಗೆ ಹೋಗಬಯಸುವವರಿಂದಲೂ ಸಾಮಾನ್ಯವಾಗಿ ಎರಡು ವರ್ಷದ ಅನುಭವದ ಪತ್ರ ಕೇಳುತ್ತಾರೆ.

ಬಿಡುವುದಾದರೆ ಬಿಡುವ ರೀತಿಯೊಂದಿದೆ. ಯಾಕೋಬನು ಹೇಳದೆ ಕೇಳದೆ ರಾತ್ರೋರಾತ್ರಿ ಓಡಿದವರ ಹಾಗೆ ಹೊರಟದ್ದರಿಂದ ಲಾಬಾನ ಬೆನ್ನಟ್ಟಿ ಬಂದ. ಕೊನೆಗೆ ಕಲ್ಲುಗಳ ಗುಡ್ಡೆಯ ಮುಂದೆ ಮಾತು ಬಗೆಹರಿಸಿ, ಜೊತೆಯಲ್ಲಿ ಊಟ ಮಾಡಿ ಬೇರೆಯಾದರು. ನೇಮಕಾತಿ ಪತ್ರದಲ್ಲಿರುವಷ್ಟು ದಿನದ ನೋಟಿಸು ಲಿಖಿತವಾಗಿ ಕೊಡಿರಿ. ನಿಮ್ಮ ಪಾಳಿಯ ರೋಗಿಗಳನ್ನು ಇನ್ನೊಬ್ಬರ ಕೈಗೆ ಸರಿಯಾಗಿ ಒಪ್ಪಿಸಿರಿ. ಬಿಡುಗಡೆ ಪತ್ರ, ಅನುಭವದ ಪತ್ರ ಕೈಗೆ ಬಂದ ಮೇಲೆಯೇ ಗಾಡಿ ಹತ್ತಿರಿ.

ಆ ತಂಗಿ ಈಗಲೂ ಇಲ್ಲಿಯೇ ಇದ್ದಾಳೆ. ಲೆಕ್ಕದ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ, ಎರಡು ಸಾವಿರ ಹೆಚ್ಚಳ ಮತ್ತು ಡಯಾಲಿಸಿಸ್ ತರಬೇತಿ ಕೇಳಿದ್ದಾಳೆ. ಮುಂದಿನ ತಿಂಗಳು ಹೇಳುತ್ತೇನೆ ಎಂದಿದ್ದಾರಂತೆ. ದಾವಣಗೆರೆಯವರಿಗೂ ಆಕೆ ಮುಂದಿನ ತಿಂಗಳು ಎಂದೇ ಹೇಳಿದ್ದಾಳೆ. ಇಂಥ ಲೆಕ್ಕ ಮಾಡಬೇಕೆಂದಿರುವ ಉಳಿದವರು ಭಾನುವಾರದ ಎರಡನೆಯ ಪೂಜೆಯ ನಂತರ ಗುರುನಿವಾಸಕ್ಕೆ ಬರಬಹುದು. ಬರುವಾಗ ನೇಮಕಾತಿ ಪತ್ರ, ಸಂಬಳದ ಚೀಟಿ, ಭವಿಷ್ಯನಿಧಿಯ ಖಾತೆ ಸಂಖ್ಯೆ ತನ್ನಿರಿ. ಸಂಬಳದ ಚೀಟಿಯನ್ನೇ ಕೊಡುತ್ತಿಲ್ಲವಾದರೆ ಅದನ್ನೂ ಬಂದು ಹೇಳಿರಿ. ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡೋಣ.